ಗಣಪತಿ ಹೋದ ಮೇಲೆ ಪಟ್ಟಿ ಪುಸ್ತಕ ಎಲ್ಲಿ ಹೋಯ್ತು?

ಚೌತಿಗೆ ಇನ್ನೂ ಹದಿನೈದು ದಿನ ಇರುವಾಗಲೇ ನಮ್ಮ ಕಡೆ ಓಣಿ ಓಣಿಯಲ್ಲಿ ಹುಡುಗರ ದಂಡು ಏಳುತ್ತದೆ. ಒಬ್ಬನ ಕೈಯಲ್ಲಿ ಇನ್ನೂರು ಪುಟದ ನೋಟುಬುಕ್ಕು, ಅದಕ್ಕೆ ದಾರದಿಂದ ಕಟ್ಟಿದ ಪೆನ್ನು. ಇನ್ನೊಬ್ಬನ ಕೈಯಲ್ಲಿ ಸ್ಟೀಲಿನ ಡಬ್ಬಿ. ಹಿಂದೆ ಆರೇಳು ಮಂದಿ ಬರೀ ಗದ್ದಲಕ್ಕೆ. ಪುಸ್ತಕದ ಮೊದಲ ಪುಟಕ್ಕೆ ಅರಿಷಿಣ, ಕುಂಕುಮ, ಮೇಲೆ ‘ಶ್ರೀ’, ಅದರ ಕೆಳಗೆ ಊರಿನ ದೊಡ್ಡವರೊಬ್ಬರ ಹೆಸರು, ಮುಂದೆ ದೊಡ್ಡ ಅಂಕಿ. ಆ ದೊಡ್ಡ ಅಂಕಿ ಯಾಕೆ ಮೊದಲು ಬರುತ್ತದೆ ಅಂತ ಹುಡುಗರನ್ನೇ ಕೇಳಿ, ಕಣ್ಣು ಮಿಟುಕಿಸಿ ಹೇಳುತ್ತಾರೆ: ಮುಂದಿನ ಮನೆಯವರು ಅದನ್ನು ನೋಡಿ ನಾಚಿಕೊಂಡಾದರೂ ಎರಡು ರೂಪಾಯಿ ಹೆಚ್ಚಿಗೆ ಬರೆಸಬೇಕು! ಇದನ್ನು ಅವರಿಗೆ ಯಾವ ಕಾಲೇಜೂ ಕಲಿಸಿಲ್ಲ.

ಹೋದ ವರ್ಷ ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಬಸ್ಸಿಗೆ ಕಾಯುತ್ತ ಚಹಾ ಕುಡಿಯುವಾಗ ಇಂಥದೊಂದು ದಂಡು ಬಂತು. ಮುಂದಾಳು ಒಂಬತ್ತನೇ ಇಯತ್ತೆ ಇರಬೇಕು, ಮೀಸೆ ಇನ್ನೂ ಮೂಡಿರಲಿಲ್ಲ. ಚಹಾದಂಗಡಿಯವರು 501 ಬರೆಸಿದರು. ಪಕ್ಕದ ಗೊಬ್ಬರದಂಗಡಿಯವರು ನಾಳೆ ಬಾ ಅಂದರು. ಅದರ ಪಕ್ಕದ ಡಬ್ಬಿ ಅಂಗಡಿಯಲ್ಲಿ ಎಲೆ-ಅಡಿಕೆ ಮಾರುವ ಮುದುಕಿ ಕೂತಿದ್ದಳು. ಆಕೆಯ ಬಳಿ ಏನು ಕೇಳೋದು ಅಂತ ಹುಡುಗರು ಮುಂದೆ ಹೊರಟರು.

“ಯಾಕಪಾ, ನಾ ಈ ಊರಾಕಿ ಅಲ್ಲೇನು?”

ಹುಡುಗ ತಿರುಗಿ ಬಂದ. ಆಯಿ ಸೆರಗಿನ ಗಂಟು ಬಿಚ್ಚಿ ಒಂದು ಹತ್ತರ ನೋಟು, ಮೇಲೊಂದು ರೂಪಾಯಿ ಇಟ್ಟಳು. “ಹೆಸರು ಬರ್ಕೋ” ಅಂದಳು. ಬರೆದುಕೊಂಡ. “ಓದಿ ಹೇಳು” ಅಂದಳು. ಆತ ಆಕೆಯ ಹೆಸರನ್ನೂ “ಹನ್ನೊಂದು ರೂಪಾಯಿ” ಅನ್ನುವುದನ್ನೂ ಓದಿದ. ಆಯಿ ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿ ನಕ್ಕಳು. ಅಷ್ಟೇ. ಬಸ್ಸು ಬಂತು, ನಾನು ಹತ್ತಿದೆ. ಶಹಾಪುರ ಮುಟ್ಟುವವರೆಗೂ ಅದೇ ತಲೆಯಲ್ಲಿ: ಕೊಡುವವರ ಪಟ್ಟಿಯಲ್ಲಿ ತನ್ನ ಹೆಸರೂ ಇರಬೇಕು ಅನ್ನುವ ಆಸೆ ಹನ್ನೊಂದು ರೂಪಾಯಿಯ ಮುದುಕಿಗೂ ಇದೆ. ಆ ಆಸೆಯ ಬಾಗಿಲು ತಟ್ಟುವ ಧೈರ್ಯ ಊರಲ್ಲಿ ಇರುವುದು ಈ ಹದಿನಾಲ್ಕು ವರ್ಷದ ಪೋರರಿಗೆ ಮಾತ್ರ. ಆದರೆ ವರ್ಷಕ್ಕೆ ಒಂದೇ ಸಲ, ಗಣಪತಿಗೆ ಇಲ್ಲವೇ ಮೊಹರಮ್ಮಿಗೆ. ಗಣಪತಿ ನೀರಿಗೆ ಹೋದ ಮರುದಿನ ಆ ಪುಸ್ತಕ ಎಲ್ಲಿ ಹೋಗುತ್ತದೆ?

ತಮ್ಮಂದಿರೇ, ತಂಗಿಯರೇ, ಈ ಬರಹ ಅದನ್ನು ಕೇಳುವುದಕ್ಕೆ.

ನಮ್ಮ ಭಾಗದಲ್ಲಿ ಪಟ್ಟಿಗೆ ಇನ್ನೊಂದು ಹೆಸರು ಚಂದಾ. ಗೋಗಿಯವರಿಗೆ ಆ ಪದ ಕೇಳಿದರೆ ಮೊದಲು ನೆನಪಾಗುವುದು ಚಂದಾ ಹುಸೇನಿಯವರ ದರ್ಗಾ. ಶಬ್ದ ಬೇರೆ ಬೇರೆ ಇರಬಹುದು, ಕಿವಿಗೆ ಮಾತ್ರ ಒಂದೇ. ಆ ದರ್ಗಾದ ಆವರಣದಲ್ಲಿ ಆಟವಾಡಿ ಬೆಳೆದ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು, ಬಿಜಾಪುರದ ಆದಿಲ್ ಶಾಹಿ ಮನೆತನ ಕಟ್ಟಿದ ಯೂಸುಫ್ ಆದಿಲ್ ಶಾಹ 1510ರಲ್ಲಿ ತೀರಿಕೊಂಡಾಗ ಮಣ್ಣಾದದ್ದು ಇಲ್ಲೇ ಅಂತ? ಅವನ ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹಿಂ ಕೂಡ ಇಲ್ಲೇ ಮಲಗಿದ್ದಾರೆ. ಮುಂದೆ ಇದೇ ವಂಶದ ಮಹಮ್ಮದ್ ಆದಿಲ್ ಶಾಹ ತನಗಾಗಿ ಗೋಳಗುಮ್ಮಟ ಎಬ್ಬಿಸಿಕೊಂಡ. ಅದಕ್ಕೆ ಪ್ರವಾಸಿಗರು ಬಸ್ಸುಗಟ್ಟಲೆ ಬರುತ್ತಾರೆ. ವಂಶದ ಮೂಲಪುರುಷ ಮಾತ್ರ ನಮ್ಮ ಊರಿನ ಸಂತನೊಬ್ಬನ ಪಕ್ಕದಲ್ಲಿ ಒಂದಿಷ್ಟು ಜಾಗ ಸಾಕು ಅಂದುಕೊಂಡ. ರಾಜ್ಯ ಆಳಿದವನು ಕಡೆಗೆ ಹುಡುಕಿಕೊಂಡು ಬಂದದ್ದು ಏನನ್ನೂ ಇಟ್ಟುಕೊಳ್ಳದವನ ನೆರಳನ್ನು. ಗೋಗಿ ಅಂದರೆ ಈಗಿನ ಪತ್ರಿಕೆಗಳಿಗೆ ಯುರೇನಿಯಂ ನಿಕ್ಷೇಪ ಮಾತ್ರ ಕಾಣುತ್ತದೆ. ನನಗೆ ಈ ಗೋರಿಗಳು ಹೆಚ್ಚು ಕಾಣುತ್ತವೆ.

ಕೊಡುವುದು ಈ ನೆಲಕ್ಕೆ ಯಾರೋ ಹೊರಗಿನವರು ಬಂದು ಹೇಳಿಕೊಡಬೇಕಾದ ಸಂಗತಿಯಲ್ಲ. ಎಳ್ಳಮಾಸಿಯ ದಿನ ಚರಗ ಚೆಲ್ಲುವಾಗ ಏನು ನಡೆಯುತ್ತದೆ ನೆನಪಿಸಿಕೊಳ್ಳಿ. ಸಜ್ಜಿ ರೊಟ್ಟಿ, ಕಡುಬು, ಭಜ್ಜಿ, ಅಂಬಲಿ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗುತ್ತೇವೆ. ಮೊದಲ ತುತ್ತು ಭೂಮಿಗೆ. ಆಮೇಲೆ ಮನೆಯ ಹಿರಿಯರು ನಿಮ್ಮನ್ನೇ ಕಳಿಸುತ್ತಾರೆ: “ಹೋಗು, ದಾರಿಗೆ ಹೊಂಟವರನ್ನ ಕರಕೊಂಡು ಬಾ.” ಗುರುತಿಲ್ಲದವರನ್ನು ಕೂಗಿ ಕರೆದು ಬದುವಿನ ಮೇಲೆ ಕೂರಿಸಿ ಉಣ್ಣಿಸುವ ಕೆಲಸ ಆ ದಿನ ಹುಡುಗರದು. ಹೊಲ ಇಲ್ಲದವರು ಯಾರದೋ ಹೊಲದಲ್ಲಿ ಉಣ್ಣುತ್ತಾರೆ, ಅದರಲ್ಲಿ ಯಾರಿಗೂ ಸಣ್ಣತನ ಇಲ್ಲ. ಕಲಬುರಗಿಯ ಶರಣಬಸವೇಶ್ವರರು ಎರಡು ಶತಮಾನದ ಹಿಂದೆ ನಡೆಸಿದ ದಾಸೋಹ, ತಿಂಥಣಿಯ ಮೌನೇಶ್ವರನ ಜಾತ್ರೆಯಲ್ಲಿ ಹಿಂದೂ-ಮುಸ್ಲಿಂ ಒಟ್ಟಿಗೆ ನಡೆದುಕೊಳ್ಳುವ ಪದ್ಧತಿ, ಮುಸ್ಲಿಂ ಮನೆಗಳಲ್ಲಿ ಉಳಿತಾಯದ ನಲವತ್ತನೇ ಒಂದು ಪಾಲು ತೆಗೆದಿಡುವ ಜಕಾತ್, ರಾಶಿಯ ಕಣದಲ್ಲಿ ಮನೆಗೆ ಒಯ್ಯುವ ಮೊದಲೇ ಆಯದವರಿಗೆ ಅಳೆದು ಕೊಡುವ ಜೋಳ, ಎಲ್ಲವೂ ನಮ್ಮವೇ. ‘ದಾಸೋಹ’ ಅನ್ನುವ ಮಾತನ್ನೇ ನೋಡಿ. ಕೊಡುವವನು ದಾಸ. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನ ತಲೆ ಬಾಗಿರುತ್ತದೆ. ಹನ್ನೆರಡನೇ ಶತಮಾನದ ಶರಣರು ಇಷ್ಟು ದೊಡ್ಡ ವ್ಯತ್ಯಾಸವನ್ನು ಒಂದೇ ಪದದಲ್ಲಿ ಹಿಡಿದಿಟ್ಟರು.

ಇಷ್ಟೆಲ್ಲ ಇದ್ದ ಮೇಲೆ ಕೊರತೆ ಯಾವುದು?

ನನ್ನದೇ ಕಥೆ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ನಾನೂ ನಿಮ್ಮ ವಯಸ್ಸಿನಲ್ಲಿ ಪಟ್ಟಿ ಎತ್ತಿದವನೇ. ಡಬ್ಬಿ ನನ್ನ ಕೈಯಲ್ಲಿತ್ತು. ಹಬ್ಬ ಮುಗಿದು, ಪೆಂಡಾಲಿನವರಿಗೆ, ಬ್ಯಾಂಡಿನವರಿಗೆ ಕೊಟ್ಟು 340 ರೂಪಾಯಿ ಉಳಿಯಿತು. ಆಗಿನ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ, ನಾವೂ ಯಾರನ್ನೂ ಕೇಳಲಿಲ್ಲ. ಎರಡು ದಿನ ಸುಸಲಾ, ಮಿರ್ಚಿ, ಒಂದು ಸಿನಿಮಾ. ವಾರದ ನಂತರ ಓಣಿಯ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತು, “ಏನಪಾ ತಮ್ಮಾ, ಲೆಕ್ಕ ಎಷ್ಟಾತು?” ಅಂದರು. “ಎಲ್ಲಾ ಖರ್ಚಾತ್ರಿ ಕಾಕಾ” ಅಂದೆ. ಅವರು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಅದೇ ವರ್ಷ ನನ್ನ ಪಕ್ಕದ ಬೆಂಚಿನ ಗೆಳೆಯ ಪರೀಕ್ಷಾ ಫೀ ಕಟ್ಟಲಾಗದೆ ಶಾಲೆ ಬಿಟ್ಟು ಅಪ್ಪ-ಅವ್ವನ ಜೊತೆ ಗುಳೆ ಹೋದ. ಫೀ ಎಷ್ಟಿತ್ತು ಅಂತ ಆಮೇಲೆ ಗೊತ್ತಾಯಿತು. ನಾವು ತಿಂದ ಮಿರ್ಚಿಯ ದುಡ್ಡಿನಲ್ಲಿ ಅದು ಮುಗಿಯುತ್ತಿತ್ತು.

ದುಡ್ಡು ತಿಂದದ್ದಕ್ಕಿಂತ ನನ್ನನ್ನು ಈಗಲೂ ಚುಚ್ಚುವುದು ಬೇರೆ. ಆ 340 ರೂಪಾಯಿಯ ಬಗ್ಗೆ ನಾವು ಹತ್ತು ಜನ ಒಂದು ಸಂಜೆ ಕೂತು ‘ಇದು ಯಾರಿಗೆ ಬೇಕು?’ ಅಂತ ಒಂದು ಮಾತೂ ಆಡಲಿಲ್ಲ. ಎತ್ತುವುದು ಗೊತ್ತಿತ್ತು, ಖರ್ಚು ಮಾಡುವುದು ಗೊತ್ತಿತ್ತು. ತೀರ್ಮಾನ ಮಾಡುವುದು ಗೊತ್ತಿರಲಿಲ್ಲ. ಊರಿನ ಹಣದ ತೀರ್ಮಾನ ದೊಡ್ಡವರದು, ಓಡಾಟ ಮಾತ್ರ ಹುಡುಗರದು ಅನ್ನುವ ರೂಢಿ ಇವತ್ತಿಗೂ ಹಾಗೇ ಇದೆ. ಅದನ್ನು ಮುರಿಯಿರಿ ಅನ್ನುವುದೇ ನನ್ನ ಮಾತು.

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಕೆಲಾಗ್ ಪ್ರತಿಷ್ಠಾನದ ನೆರವಿನಿಂದ ದಶಕಗಳ ಹಿಂದೆಯೇ ಹೀಗೊಂದು ಕೆಲಸ ಶುರುವಾಯಿತು. ಊರೂರಿನ ಸಮುದಾಯ ನಿಧಿಗಳಲ್ಲಿ ಒಂದು ಪಾಲನ್ನು ಹದಿಹರೆಯದವರ ಸಮಿತಿಗೇ ಬಿಟ್ಟುಕೊಟ್ಟರು. ಅರ್ಜಿ ಓದುವವರು ಅವರೇ, ಸ್ಥಳಕ್ಕೆ ಹೋಗಿ ನೋಡುವವರು ಅವರೇ, ಯಾರಿಗೆ ಎಷ್ಟು ಅಂತ ಕೈಯೆತ್ತಿ ನಿರ್ಧರಿಸುವವರೂ ಅವರೇ. ಅಷ್ಟು ದೂರ ಯಾಕೆ, ನಮ್ಮ ಕುಂದಾಪುರಕ್ಕೇ ಬನ್ನಿ. ದುಡಿಯುವ ಮಕ್ಕಳು 1990ರಲ್ಲಿ ಭೀಮ ಸಂಘ ಕಟ್ಟಿಕೊಂಡರು. ಕೆಲವೇ ವರ್ಷಗಳಲ್ಲಿ ಕೆರಾಡಿಯಂಥ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿ ಬಂತು. ಮಕ್ಕಳೇ ಮಕ್ಕಳನ್ನು ಚುನಾಯಿಸಿ, ಊರಿನ ಕೊರತೆಗಳನ್ನು ತಾವೇ ಬರೆದು, ದೊಡ್ಡವರ ಪಂಚಾಯಿತಿಯ ಮುಂದೆ ಇಟ್ಟರು. ಅದರ ಫಲ ಅಂತಲೇ ಹೇಳಬಹುದು, 2006ರಿಂದ ಕರ್ನಾಟಕದ ಪ್ರತಿ ಗ್ರಾಮ ಪಂಚಾಯಿತಿಯೂ ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ಸರಕಾರದ ಆದೇಶವೇ ಇದೆ. ಹಲವು ಕಡೆ ಅದು ಮಕ್ಕಳಿಗೆ ಬಿಸ್ಕಿಟ್ ಹಂಚಿ, ಗ್ರೂಪ್ ಫೋಟೋ ತೆಗೆಸಿಕೊಳ್ಳುವಲ್ಲಿಗೆ ಮುಗಿಯುತ್ತದೆ. ನೀವು ಪಟ್ಟಿ ಪುಸ್ತಕ ಹಿಡಿದುಕೊಂಡು ಹೋದರೆ ಬಿಸ್ಕಿಟ್ಟಿನಲ್ಲಿ ಮುಗಿಯುವುದಿಲ್ಲ.

ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ, ಅದು ಸುಲಭ. ನಲವತ್ತು ಜನ ಕೂಡಿರಿ, ಗೋಗಿ ಕೆ ಇರಲಿ, ಗೋಗಿ ಪೇಠ ಇರಲಿ. ಒಬ್ಬೊಬ್ಬರು ವಾರಕ್ಕೆ 10 ರೂಪಾಯಿ. ಒಂದು ಕುರ್‌ಕುರೆ ಪೊಟ್ಟಣ, ಅಷ್ಟೇ. ವಾರಕ್ಕೆ 400, ವರ್ಷಕ್ಕೆ 20,800. ಒಂದು ರಾತ್ರಿಯ ಡಿಜೆಗೆ ಎಷ್ಟು ಕೊಟ್ಟಿರಿ ಅನ್ನುವುದು ನಿಮಗೇ ಗೊತ್ತು, ನನ್ನ ಬಾಯಲ್ಲಿ ಹೇಳಿಸಬೇಡಿ. ಹತ್ತು ರೂಪಾಯಿ ಇಲ್ಲದವರು? ಅವರು ಕಾಳು ತರಲಿ. ಮಿಜೋರಾಂನಲ್ಲಿ 1910ರಿಂದ ಒಂದು ಪದ್ಧತಿ ಇದೆ: ಪ್ರತಿ ಮನೆಯಲ್ಲಿ ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ, ಊರಿನ ಚರ್ಚು ಅದನ್ನು ಕೂಡಿಸಿ ಮಾರುತ್ತದೆ. ಬಡ ಹಳ್ಳಿಗಳ ಆ ಹಿಡಿ ಅಕ್ಕಿ ಇವತ್ತು ವರ್ಷಕ್ಕೆ ಕೋಟಿಗಟ್ಟಲೆ ಆಗುತ್ತದೆ. ನಮ್ಮ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಬಡಿದ ರೊಟ್ಟಿ ಬಂಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಬಂದು ಮಠದಲ್ಲಿ ಗುಡ್ಡದ ಹಾಗೆ ಬೀಳುತ್ತದೆ. ಯಾರ ಮನೆಯಿಂದಲೂ ಸಾವಿರ ಬಂದಿಲ್ಲ; ಹತ್ತು, ಇಪ್ಪತ್ತು. ಉಂಡು ಎದ್ದವರು ಮಾತ್ರ ಲಕ್ಷ.

ಇನ್ನೊಂದು ದಾರಿ ಸ್ಕೌಟ್ಸ್ ಹುಡುಗರದು. ಅವರಲ್ಲಿ ‘ಖರಿ ಕಮಾಯಿ’ ಅಂತ ಒಂದು ರೂಢಿ ಇದೆ: ಬೇಡುವುದಿಲ್ಲ, ಕೆಲಸ ಮಾಡಿ ಗಳಿಸಿ ಕೊಡುತ್ತಾರೆ. ಬೈಕು ತೊಳೆದುಕೊಡಿ, ಅಂಗಡಿಯ ಕಟ್ಟೆ ಗುಡಿಸಿ, ಮದುವೆಮನೆಯಲ್ಲಿ ಒಂದು ಪಂಕ್ತಿಗೆ ಬಡಿಸಿ. ಬಂದದ್ದು ಡಬ್ಬಿಗೆ.

ಈಗ ತೀರ್ಮಾನದ ಮಾತು. ಇಲ್ಲಿ ಅವಸರ ಬೇಡ. ಮೊದಲ ತಿಂಗಳು ಒಂದು ಪೈಸೆಯನ್ನೂ ಖರ್ಚು ಮಾಡಬೇಡಿ. ಊರು ನೋಡಿ. ದಿನಾ ನೋಡುವ ಊರನ್ನೇ ಪುಸ್ತಕ ಹಿಡಿದು ನೋಡಿದರೆ ಬೇರೆ ಊರು ಕಾಣುತ್ತದೆ. ಯಾವ ಮನೆಗೆ ಬೀಗ, ಯಾವ ಮನೆಯಲ್ಲಿ ಬರೀ ಅಜ್ಜಿ-ಮೊಮ್ಮಗ, ಯಾವ ಮನೆಯ ಹುಡುಗಿ ಜೂನಿನಿಂದ ಶಾಲೆಗೆ ಬಂದಿಲ್ಲ, ಯಾರ ಮಗ್ಗುಲಲ್ಲಿ ಔಷಧಿ ಚೀಟಿ ಮಾತ್ರ ಇದೆ, ಔಷಧಿ ಇಲ್ಲ. ಬರೆದುಕೊಳ್ಳಿ. ತಿಂಗಳ ಕೊನೆಗೆ ಕೂತು ಜಗಳವಾಡಿ. ಹೌದು, ಜಗಳವೇ ಆಡಿ. ನೂರು ರೂಪಾಯಿ ಯಾರಿಗೆ ಅನ್ನುವುದಕ್ಕೆ ನಡೆಯುವ ಒಂದು ಒಳ್ಳೆಯ ಜಗಳ ನಿಮಗೆ ಕಲಿಸುವುದನ್ನು ಹತ್ತು ಪೌರನೀತಿ ಪಾಠ ಕಲಿಸಲಾರವು.

ಆ ಜಗಳದಲ್ಲಿ ನನ್ನದೂ ಒಂದು ದನಿ ಸೇರಿಸುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ನಮ್ಮ ಜಿಲ್ಲೆಗೆ ಬೇಕಾದದ್ದು ಮೊದಲು ಅಕ್ಷರ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ನೂರಕ್ಕೆ 52ರ ಆಸುಪಾಸು; ರಾಜ್ಯದ ಸರಾಸರಿ 75; ಜಿಲ್ಲೆಗಳ ಸಾಲಿನಲ್ಲಿ ನಾವು ಕಟ್ಟಕಡೆ. ಹೆಣ್ಣುಮಕ್ಕಳದು 41 ಅಷ್ಟೇ. ಈ ಅಂಕಿಯನ್ನು ಭಾಷಣದಲ್ಲಿ ಕೇಳಿ ಕೇಳಿ ನಿಮಗೆ ಬೇಸರವಾಗಿರಬೇಕು. ನನಗೂ ಆಗಿದೆ. ಆದರೆ ಆ ಡಬ್ಬಿ ಅಂಗಡಿಯ ಆಯಿ ‘ಓದಿ ಹೇಳು’ ಅಂದಳಲ್ಲ, ಅದು ಈ ಅಂಕಿಯ ಒಳಗಿನ ಮಾತು. ಮೂರನೇ ತರಗತಿಯಲ್ಲಿದ್ದು ಒತ್ತಕ್ಷರ ಬಂದ ಕೂಡಲೇ ಎಡವುವ ಮಗು ನಿಮ್ಮ ಪಕ್ಕದ ಮನೆಯಲ್ಲೇ ಇದೆ. ಅದಕ್ಕೆ ಬೇಕಾದದ್ದು ಬಿ.ಎಡ್ ಮುಗಿಸಿದ ಮೇಷ್ಟ್ರೇ ಅಲ್ಲ, ಸಂಜೆ ಒಂದು ತಾಸು ಪಕ್ಕದಲ್ಲಿ ಕೂತು ಬೆರಳಿಟ್ಟು ಓದಿಸುವ ಅಣ್ಣ ಅಥವಾ ಅಕ್ಕ. ಜಾಗ? ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ, ಈಗ ಅದರ ಹೆಸರು ಅರಿವು ಕೇಂದ್ರ. 2020ರ ನವೆಂಬರಿನಲ್ಲಿ, ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ, ಸರಕಾರ ‘ಓದುವ ಬೆಳಕು’ ಅಂತ ಶುರು ಮಾಡಿ ಮಕ್ಕಳಿಗೆಲ್ಲ ಅದರ ಸದಸ್ಯತ್ವವನ್ನು ಬಿಟ್ಟಿ ಮಾಡಿತು. ಎಷ್ಟೋ ಊರಿನಲ್ಲಿ ಜನರೇ ಪುಸ್ತಕ ಕೊಟ್ಟು ಕಪಾಟು ತುಂಬಿಸಿದರು. ನೀವು ಮುಗಿಸಿದ ಪಠ್ಯಪುಸ್ತಕ, ಮನೆಯಲ್ಲಿ ಮಡಚಿಟ್ಟ ಕಥೆ ಪುಸ್ತಕ ಅಲ್ಲಿಗೆ ಹೋಗಲಿ. ಪುಸ್ತಕಕ್ಕಿಂತ ಮುಖ್ಯ, ಆ ಒಂದು ತಾಸು ಹೋಗಲಿ.

ಎರಡನೆಯದು ಗುಳೆ. ಸುಗ್ಗಿ ಮುಗಿಯುತ್ತಿದ್ದಂತೆ ಬೆಂಗಳೂರಿಗೆ, ಮುಂಬೈಗೆ, ಪುಣೆಗೆ ಹೋಗುವ ಮನೆಗಳು ನಮ್ಮಲ್ಲಿ ಎಷ್ಟು ಅಂತ 2020ರ ಲಾಕ್‌ಡೌನ್ ತೋರಿಸಿತು. ಮಹಾರಾಷ್ಟ್ರದಿಂದ ವಾಪಸು ಬಂದವರನ್ನು ನಮ್ಮದೇ ಶಾಲೆಯ ಕೋಣೆಗಳಲ್ಲಿ ಕ್ವಾರಂಟೈನ್ ಮಾಡಿದ್ದರು. ಕಿಟಕಿಯ ಆಚೆಯಿಂದ ಬುತ್ತಿ ಇಟ್ಟು ಬಂದ ಹುಡುಗರು ಆಗ ನಿಮಗಿಂತಲೂ ಸಣ್ಣವರಿದ್ದರು. ಗುಳೆ ಹೋದವರ ಮಗು ಆರು ತಿಂಗಳ ನಂತರ ಬಂದಾಗ ತರಗತಿಗೆ ಕಾಲಿಡಲು ನಾಚುತ್ತದೆ. ಪಾಠ ಮುಂದೆ ಹೋಗಿರುತ್ತದೆ, ಬೆಂಚಿನಲ್ಲಿ ಬೇರೆಯವರು ಕೂತಿರುತ್ತಾರೆ. ಶಿಕ್ಷಣ ಹಕ್ಕಿನ ಕಾಯ್ದೆ ಪ್ರಕಾರ ಹದಿನಾಲ್ಕರೊಳಗಿನ ಮಗು ವರ್ಷದ ಯಾವ ತಿಂಗಳಲ್ಲಿ ಬಂದರೂ ಶಾಲೆ ಸೇರಿಸಿಕೊಳ್ಳಲೇಬೇಕು. ಕಾಯ್ದೆ ಬಾಗಿಲು ತೆಗೆಯುತ್ತದೆ. ಕೈಹಿಡಿದು ಒಳಗೆ ಕರೆದೊಯ್ಯುವವರು ಬೇಕಲ್ಲ? ಆ ಮಗುವಿಗಾಗಿ ಆರು ತಿಂಗಳ ನೋಟ್ಸ್ ಬರೆದಿಟ್ಟ ಗೆಳತಿ ಒಬ್ಬಳಿದ್ದರೆ, ಅದು ದೇಣಿಗೆ. ಅದಕ್ಕೆ ರಸೀದಿ ಇಲ್ಲ.

ಮೂರನೆಯದು ಕಾಗದ-ಪತ್ರ. ನಗಬೇಡಿ! 65 ದಾಟಿದ ಎಷ್ಟು ಅಜ್ಜ-ಅಜ್ಜಿಯರಿಗೆ ಸಂಧ್ಯಾ ಸುರಕ್ಷಾ ಬರುತ್ತಿಲ್ಲ, ಬರುತ್ತಿದ್ದದ್ದು ಯಾಕೆ ನಿಂತಿದೆ, ವಿಚಾರಿಸಿ ನೋಡಿ. ಸರಕಾರಿ ಶಾಲೆ-ಕಾಲೇಜಿನಲ್ಲೇ ಹತ್ತು, ಹನ್ನೆರಡು ಮುಗಿಸಿ ಡಿಗ್ರಿಗೋ ಡಿಪ್ಲೊಮಾಕ್ಕೋ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ಈ ಸುದ್ದಿ ನಿಮ್ಮ ಓಣಿಯ ಅಕ್ಕನಿಗೆ ಮುಟ್ಟಿದೆಯೇ? ಅರ್ಜಿ ತುಂಬಲು ಮೊಬೈಲು ಬೇಕು, ಇಂಗ್ಲಿಷು ಸ್ವಲ್ಪ ಬೇಕು, ತಾಳ್ಮೆ ಬಹಳ ಬೇಕು. ಮೂರೂ ನಿಮ್ಮಲ್ಲಿವೆ, ಮೂರನೆಯದು ಮೊಬೈಲ್ ಗೇಮ್ ಆಡುವಾಗ ಇರುತ್ತದಲ್ಲ, ಅದೇ. ಒಂದೇ ಎಚ್ಚರಿಕೆ: ಓಟಿಪಿ ಅವರ ಫೋನಿಗೆ ಬರಲಿ, ಅವರ ಮುಂದೆಯೇ ಹಾಕಿ, ಪಾಸ್‌ಬುಕ್ಕು ಅವರ ಕೈಯಲ್ಲೇ ಇರಲಿ.

ಬೇಸಿಗೆಯಲ್ಲಿ ಅರವಟಿಗೆ ಇಡಿ ಅಂತ ಹೇಳಬೇಕಾಗಿಲ್ಲ, ನಮ್ಮ ಬಿಸಿಲೇ ಹೇಳುತ್ತದೆ. ರಕ್ತದಾನಕ್ಕೆ ಮಾತ್ರ 18 ತುಂಬಬೇಕು. ಅಲ್ಲಿಯವರೆಗೆ 18 ದಾಟಿದ ಅಣ್ಣಂದಿರ ಹೆಸರು, ರಕ್ತದ ಗುಂಪು ಒಂದು ಪುಟದಲ್ಲಿ ಬರೆದಿಡಿ. ಅರ್ಧರಾತ್ರಿಯಲ್ಲಿ ಆ ಪುಟ ಯಾರದೋ ಜೀವ ಉಳಿಸಬಹುದು.

ನದಿಯ ಮಾತನ್ನೂ ಆಡಬೇಕು. 2009ರ ಅಕ್ಟೋಬರಿನ ನೆರೆ ನಿಮಗೆ ನೆನಪಿರಲಾರದು. 2019ರ ಆಗಸ್ಟಿನಲ್ಲಿ ಬಸವಸಾಗರ ಜಲಾಶಯದಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಬಿಟ್ಟು ಕೊಳ್ಳೂರು ಸೇತುವೆ ಮುಳುಗಿದ್ದು ನೆನಪಿರಬಹುದು. ಕೃಷ್ಣೆಯ ನಡುಗಡ್ಡೆ ನೀಲಕಂಠರಾಯನಗಡ್ಡಿಯ ತುಂಬುಗರ್ಭಿಣಿಯೊಬ್ಬಳು 2013ರಲ್ಲಿ, ಆಸ್ಪತ್ರೆ ಇರುವ ದಡ ಮುಟ್ಟಲು, ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತುಂಬಿದ ಹೊಳೆಯನ್ನು ಈಜಿ ದಾಟಿದಳು. ಮನೆಯವರು ಸುತ್ತಲೂ ಈಜುತ್ತ ಬಂದರು. ಯಾರೂ ಆಕೆಯನ್ನು ಹೊತ್ತು ತರಲಿಲ್ಲ, ಆಗುವ ಮಾತೂ ಅಲ್ಲ. ಜೊತೆಗೆ ಈಜಿದರು. ನೆರವು ಅಂದಾಗಲೆಲ್ಲ ನನ್ನ ಕಣ್ಣಿಗೆ ಬರುವ ಚಿತ್ರ ಇದು. ಮುಂದಿನ ನೆರೆಗೆ ಊರು ಒಂದಾಗಿ ಜೋಳ, ಹೊದಿಕೆ ಕೂಡಿಸುವಾಗ ಯಾವ ಮನೆಯಲ್ಲಿ ಏನು ಕೇಳಬೇಕು ಅನ್ನುವುದು ನಿಮ್ಮ ಪುಸ್ತಕದಲ್ಲಿ ಮೊದಲೇ ಇರಲಿ.

ಒಂದು ಮಾತು ಕಡಕ್ಕಾಗಿಯೇ ಹೇಳಬೇಕು. ಫೋಟೋ ಬೇಡ. ನಾಯಕರ ಹುಟ್ಟುಹಬ್ಬಕ್ಕೆ ಆಸ್ಪತ್ರೆಯಲ್ಲಿ ಹಣ್ಣು ಹಂಚುವ ಚಿತ್ರ ನೋಡಿದ್ದೀರಲ್ಲ? ಒಂದು ಬಾಳೆಹಣ್ಣಿಗೆ ಎಂಟು ಕೈ, ರೋಗಿಯ ಮುಖ ಮಾತ್ರ ಗೋಡೆಯ ಕಡೆ. ನೀವು ಕೊಡುವುದು ನಿಮ್ಮದೇ ತರಗತಿಯ ಗೆಳೆಯನಿಗೆ ಇರಬಹುದು. ಸಂಜೆ ಅವನಿಗೆ ಕೊಟ್ಟ ಚಪ್ಪಲಿಯ ಫೋಟೋ ನಿಮ್ಮ ಸ್ಟೇಟಸ್ಸಿನಲ್ಲಿ ಬಂದರೆ ಅವನು ಮರುದಿನ ಬರಿಗಾಲಲ್ಲೇ ಬರುತ್ತಾನೆ, ಬಂದರೆ. ಕೊಟ್ಟವರ ಹೆಸರು ಪುಸ್ತಕದಲ್ಲಿ ಇರಲಿ, ಊರಿಗೆಲ್ಲ ಓದಿ ಹೇಳಿ. ಪಡೆದವರ ಹೆಸರು ನಿಮ್ಮ ಎದೆಯಲ್ಲಿ ಇರಲಿ. ಲೆಕ್ಕ ಮಾತ್ರ ತಿಂಗಳಿಗೊಮ್ಮೆ ಕಟ್ಟೆಯ ಗೋಡೆಗೆ ಹಚ್ಚಿ: ಬಂದದ್ದು ಇಷ್ಟು, ಹೋದದ್ದು ಇಷ್ಟು, ಉಳಿದದ್ದು ಇಷ್ಟು. ಡಬ್ಬಿಗೆ ಎರಡು ಕೀಲಿ, ಎರಡು ಮನೆಯಲ್ಲಿ. ಒಂದು ಹುಡುಗನ ಬಳಿ, ಇನ್ನೊಂದು ಹುಡುಗಿಯ ಬಳಿ.

ಹುಡುಗಿಯರ ಮಾತು ಬಂತಲ್ಲ. ಪಟ್ಟಿ ಎತ್ತುವ ದಂಡಿನಲ್ಲಿ ನಾನು ಇಷ್ಟು ವರ್ಷದಲ್ಲಿ ಒಬ್ಬ ಹುಡುಗಿಯನ್ನೂ ನೋಡಿಲ್ಲ. ಆದರೆ ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ ಅಂತ ಮೊದಲು ತಿಳಿಯುವುದು ಅವರಿಗೆ. ನೀರಿಗೆ ಹೋದಲ್ಲಿ, ಹತ್ತಿ ಬಿಡಿಸುವಲ್ಲಿ, ಮೆಣಸಿನಕಾಯಿ ಹರಿಯುವಲ್ಲಿ ಊರಿನ ನಿಜವಾದ ಪಟ್ಟಿ ಓದಿ ಹೇಳುವವರು ಅವರೇ. ಹುಡುಗರು ಬೀದಿ ಬಲ್ಲರು, ಹುಡುಗಿಯರು ಮನೆ ಬಲ್ಲರು. ಇಬ್ಬರೂ ಒಂದೇ ಕಟ್ಟೆಯಲ್ಲಿ ಕೂರುವುದನ್ನು ಊರು ಒಪ್ಪಲಿಕ್ಕಿಲ್ಲ ಅನ್ನಿಸಿದರೆ ಶಾಲೆಯ ವರಾಂಡ ಇದೆ, ಅರಿವು ಕೇಂದ್ರ ಇದೆ, ಟೀಚರ್ ಒಬ್ಬರು ಜೊತೆಗಿರಲಿ. ಹೆಣ್ಣುಮಕ್ಕಳಿಲ್ಲದ ಗುಂಪು ಮಾಡುವುದಾದರೆ ಈ ಲೇಖನ ಇಲ್ಲಿಗೇ ಮಡಚಿಡಿ.

ನಿಮ್ಮ ಅಪ್ಪ ಏನು ಅನ್ನುತ್ತಾರೆ ಅಂತ ನನಗೆ ಗೊತ್ತು. “ಮೊದಲು ನೀ ಓದು, ನೌಕರಿ ಹಿಡಿ, ಆಮೇಲೆ ಊರುದ್ಧಾರ ಮಾಡು.” ಅವರದೂ ತಪ್ಪಲ್ಲ, ಅವರು ಕಂಡ ಕಷ್ಟದ ಮಾತು ಅದು. ಅವರಿಗೆ ಕೊಪ್ಪಳದ ಕುಣಿಕೇರಿಯ ಹುಚ್ಚಮ್ಮ ಚೌಧರಿಯವರ ಕಥೆ ಹೇಳಿ. ಬಿಸಿಯೂಟ ಬೇಯಿಸುವ ಆಕೆ ತನ್ನ ಎರಡು ಎಕರೆಯನ್ನು ಊರಿನ ಶಾಲೆಗೆ ಬರೆದುಕೊಟ್ಟರು. ಸುತ್ತ ಕಾರ್ಖಾನೆಗಳು ಎದ್ದು ಭೂಮಿಗೆ ಬಂಗಾರದ ಬೆಲೆ ಬಂದ ಮೇಲೂ ಅದೇ ಶಾಲೆಯಲ್ಲಿ ಅಡುಗೆ ಮಾಡುತ್ತ ಉಳಿದರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಆಕೆಯನ್ನು ಹುಡುಕಿಕೊಂಡು ಬಂತು. ಕಿತ್ತಳೆ ಮಾರಿ ಶಾಲೆ ಕಟ್ಟಿದ ಹರೇಕಳ ಹಾಜಬ್ಬರ ಹೆಸರು ಅಪ್ಪನಿಗೂ ಗೊತ್ತಿರುತ್ತದೆ. ಇಬ್ಬರೂ ದುಡ್ಡಾದ ಮೇಲೆ ಕೊಡೋಣ ಅಂತ ಕಾದವರಲ್ಲ. ಕಾಯುವ ರೂಢಿ ಬಿದ್ದವನಿಗೆ ನೌಕರಿ ಸಿಕ್ಕ ಮೇಲೆ ಮನೆ, ಮನೆಯಾದ ಮೇಲೆ ಪ್ಲಾಟು, ಪ್ಲಾಟಾದ ಮೇಲೆ ಮಕ್ಕಳ ಮದುವೆ. ಕೊಡುವ ಕೈ ಹದಿನೈದರಲ್ಲಿ ಪಳಗದಿದ್ದರೆ ಐವತ್ತರಲ್ಲಿ ಬಿಚ್ಚುವುದು ಕಷ್ಟ. ನನ್ನನ್ನೇ ನೋಡಿ ಹೇಳುತ್ತಿದ್ದೇನೆ.

ಓದು ಕೆಡುತ್ತದೆ ಅಂತ ಹೆದರಿಕೆಯೇ? ವಾರಕ್ಕೆ ಒಂದು ಸಂಜೆ ಸಭೆ, ದಿನಕ್ಕೆ ಒಂದು ತಾಸು ಮಗುವಿಗೆ ಓದಿಸುವುದು. ಮೂರನೇ ತರಗತಿಯ ಮಗುವಿಗೆ ಭಾಗಾಕಾರ ಹೇಳಿಕೊಟ್ಟವನು ಹತ್ತನೇ ತರಗತಿಯ ಗಣಿತದಲ್ಲಿ ಫೇಲಾದದ್ದನ್ನು ನಾನಂತೂ ನೋಡಿಲ್ಲ.

ಹಾಗಾದರೆ ಈ ಭಾನುವಾರವೇ ಆಗಲಿ. ಇನ್ನೂರು ಪುಟದ ನೋಟುಬುಕ್ಕು ತನ್ನಿ, ದಾರದಿಂದ ಪೆನ್ನು ಕಟ್ಟಿ. ಮೊದಲ ಪುಟಕ್ಕೆ ಬೇಕಿದ್ದರೆ ಅರಿಷಿಣ-ಕುಂಕುಮ ಹಚ್ಚಿ, ಬೇಕಿದ್ದರೆ ಬಿಸ್ಮಿಲ್ಲಾ ಬರೆಯಿರಿ, ಎರಡೂ ಇದ್ದರೆ ಗೋಗಿಗೆ ಒಪ್ಪುತ್ತದೆ. ಈ ಸಲ ಮೊದಲ ಸಾಲಿಗೆ ದೊಡ್ಡವರ ದೊಡ್ಡ ಅಂಕಿ ಬೇಡ. ಡಬ್ಬಿ ಅಂಗಡಿಯ ಆಯಿಯ ಬಳಿ ಹೋಗಿ, ಆಕೆಯ ಹೆಸರು ಬರೆದುಕೊಳ್ಳಿ, ಓದಿ ಹೇಳಿ.

ಎರಡನೇ ಸಾಲು ನನ್ನದು: 340 ರೂಪಾಯಿ, ಹಳೇ ಬಾಕಿ. ಪುಸ್ತಕ ತಂದು ಕೇಳಿದ ದಿನ ಕೊಡುತ್ತೇನೆ.